ಅಜ್ಜನ ಬಾಯಿ, ಮೊಮ್ಮಗಳ ಕೈ: ಪಿಕ್ಸೆಲ್ ಗೇಮಿನಲ್ಲಿ ಮಾತು ಮತ್ತು ಸಂಜ್ಞೆ

ಪ್ರಶ್ನೆ: ನಾವು ಮೂವರು ವಿರಾಜಪೇಟೆಯವರು, ಕಾಫಿ ತೋಟದ ಕಥೆ ಇಟ್ಟುಕೊಂಡು ಪಿಕ್ಸೆಲ್ ಆರ್ಟ್ ಗೇಮ್ ಮಾಡುತ್ತಿದ್ದೇವೆ. ಪಾತ್ರಗಳು 32×32 ಪಿಕ್ಸೆಲ್. ಅಜ್ಜ ಕನ್ನಡದಲ್ಲಿ, ನಡುನಡುವೆ ಕೊಡವ ತಕ್ಕಿನಲ್ಲಿ ಮಾತಾಡುತ್ತಾನೆ. ಧ್ವನಿ ರೆಕಾರ್ಡ್ ಆಗಿದೆ. ಮೊಮ್ಮಗಳಿಗೆ ಕಿವಿ ಕೇಳಿಸದು, ಭಾರತೀಯ ಸಂಜ್ಞಾ ಭಾಷೆಯಲ್ಲಿ ಮಾತಾಡುತ್ತಾಳೆ. ಅಜ್ಜನಿಗೆ ಎಷ್ಟು ಬಾಯಿ ಬರೆಯಬೇಕು? ಮೊಮ್ಮಗಳಿಗೆ ಕೈ ಆಡಿಸುವ 4 ಫ್ರೇಮಿನ ಲೂಪ್ ಸಾಕೆ? ಚಿತ್ರ ಬರೆಯಲು ಅಸೆಪ್ರೈಟ್, ಗೇಮ್ ಕಟ್ಟಲು ಗೋಡೋ 4 ಬಳಸುತ್ತಿದ್ದೇವೆ.

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಸಾಲದು. ಸಂಜ್ಞಾ ಭಾಷೆ ಬಲ್ಲವರಿಗೆ ಆ 4 ಫ್ರೇಮಿನ ಲೂಪ್ ಕಂಡರೆ, ನಿಮ್ಮ ಅಜ್ಜ ಗೇಮಿನುದ್ದಕ್ಕೂ ‘ಬಡಬಡಬಡ’ ಎಂದಷ್ಟೇ ಹೇಳುತ್ತಿದ್ದರೆ ನಿಮಗೆ ಹೇಗನ್ನಿಸೀತೋ ಹಾಗನ್ನಿಸುತ್ತದೆ. ಬಾಯಿ ಸ್ವಲ್ಪ ಸುಳ್ಳು ಹೇಳಿದರೂ ನಡೆದೀತು, ಮಾತು ಹೇಗೂ ಕಿವಿಗೆ ಬೀಳುತ್ತಿರುತ್ತದೆ. ಕೈ ಸುಳ್ಳು ಹೇಳುವಂತಿಲ್ಲ, ಅಲ್ಲಿ ಕೈಯೇ ಮಾತು. ಹಾಗಾಗಿ ನಿಮ್ಮಲ್ಲಿರುವ ಪಿಕ್ಸೆಲ್ಲು, ದಿನ, ದುಡ್ಡು ಮೂರರಲ್ಲೂ ಹೆಚ್ಚಿನ ಪಾಲು ಮೊಮ್ಮಗಳಿಗೆ ಹೋಗಲಿ.

32×32 ಪಾತ್ರದಲ್ಲಿ ಬಾಯಿಯೂ ಆಗದು, ಕೈಯೂ ಆಗದು. ತಲೆಗೆ 10 ಪಿಕ್ಸೆಲ್ ಸಿಕ್ಕರೆ ಬಾಯಿಗೆ ಉಳಿಯುವುದು ಎರಡೋ ಮೂರೋ. ಅಲ್ಲಿ ತೆರೆದ ಬಾಯಿ, ಮುಚ್ಚಿದ ಬಾಯಿ ಎರಡೇ ಇಟ್ಟುಕೊಂಡು, ಮಾತಾಡುವಾಗ ತಲೆಯನ್ನು 1 ಪಿಕ್ಸೆಲ್ ಕುಣಿಸಿ ಸುಮ್ಮನಾಗಿ. ನಿಜವಾದ ಕೆಲಸ ಸಂಭಾಷಣೆಯ ಹೊತ್ತಿಗೆ ಮೇಲೆ ಬರುವ ದೊಡ್ಡ ಚಿತ್ರದಲ್ಲಿ ಆಗಬೇಕು. ಅಜ್ಜನಿಗೆ 64×64ರ ಮುಖಚಿತ್ರ ಸಾಕು. ಮೊಮ್ಮಗಳಿಗೆ ಸೊಂಟದಿಂದ ಮೇಲಿನ ಪೂರ್ತಿ ಮೈ ಬೇಕು.

ಆ ಮೈ ಎಷ್ಟು ದೊಡ್ಡದಿರಬೇಕು ಎಂಬುದನ್ನು ಬೆರಳಿನಿಂದ ಲೆಕ್ಕ ಹಾಕಿ. ಬಿಡಿಸಿದ ಅಂಗೈಯಲ್ಲಿ ನಾಲ್ಕು ಬೆರಳಿಗೆ 4 ಪಿಕ್ಸೆಲ್, ನಡುವಿನ ಸಂದಿಗೆ 3, ಹೆಬ್ಬೆರಳಿಗೂ ಅದರ ಸಂದಿಗೂ 2, ಒಟ್ಟು 9. ಇದಕ್ಕಿಂತ ಸಣ್ಣ ಕೈಯಲ್ಲಿ ಬೆರಳು ಎಣಿಸಲಾಗದು. 9 ಅಗಲದ ಕೈಗೆ ಸುಮಾರು 12 ಉದ್ದ. ಮನುಷ್ಯರ ಕೈಯ ಉದ್ದ ಹೆಚ್ಚುಕಡಿಮೆ ಗಲ್ಲದಿಂದ ಕೂದಲಂಚಿನವರೆಗಿನ ಮುಖದಷ್ಟೇ. ಅಂದರೆ ಮುಖ 12, ಕೂದಲು ಸೇರಿ ತಲೆ 16, ನೆತ್ತಿಯಿಂದ ಸೊಂಟಕ್ಕೆ ಮೂರು ತಲೆ ಎಂದರೆ 48. ತಲೆಯ ಮೇಲಕ್ಕೆ ಏಳುವ ಕೈಗೆ ಜಾಗ, ಎರಡೂ ಕಡೆ ಮೊಣಕೈ ಚಾಚುವಷ್ಟು ಜಾಗ ಸೇರಿಸಿದರೆ 96×80ರ ಕ್ಯಾನ್ವಾಸ್ ಆಗುತ್ತದೆ. 320×180ರ ಪರದೆಯಲ್ಲಿ ಇದು ಆರಾಮವಾಗಿ ಕೂರುತ್ತದೆ. ಕೈಯನ್ನು ಇನ್ನೊಂದು ಪಿಕ್ಸೆಲ್ ದೊಡ್ಡದು ಮಾಡಿದರೂ ಯಾರೂ ಗಮನಿಸುವುದಿಲ್ಲ. ಚಿಕ್ಕದು ಮಾಡಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಅಜ್ಜನ ಬಾಯಿ

ಕನ್ನಡಕ್ಕೆ ಆರು ಬಾಯಿ ಸಾಕು. ಪ, ಬ, ಮಗಳಿಗೆ ಮುಚ್ಚಿದ್ದು. ಅ ಮತ್ತು ಬಹುಪಾಲು ವ್ಯಂಜನಗಳಿಗೆ ಅರೆತೆರೆದದ್ದು. ಇ, ಈ, ಎ, ಏ, ಜತೆಗೆ ಸ, ಚ, ಜಗಳಿಗೆ ಅಗಲವಾದದ್ದು. ಆಗೆ ದೊಡ್ಡದು. ಉ, ಊ, ಒ, ಓಗಳಿಗೆ ದುಂಡನೆಯದು. ವ ಮತ್ತು ಫಗಳಿಗೆ ಕೆಳತುಟಿಯ ಮೇಲೆ ಹಲ್ಲು ಕೂತದ್ದು. ಟ, ಡ, ಣ, ಳಗಳಲ್ಲಿ ನಾಲಗೆ ಮಡಚುವುದು ಹೊರಗೆ ಕಾಣುವುದೇ ಇಲ್ಲ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

64×64ರಲ್ಲಿ ಬಾಯಿಗೆ 9×5ರ ಚೌಕಟ್ಟು ಇಟ್ಟುಕೊಳ್ಳಿ. ಮುಚ್ಚಿದ್ದಕ್ಕೆ 7 ಪಿಕ್ಸೆಲ್ಲಿನ ಒಂದು ಕಡುಗೆರೆ. ಅರೆತೆರೆದದ್ದಕ್ಕೆ ಅಷ್ಟೇ ಅಗಲ, 2 ಸಾಲು ಎತ್ತರ. ಅಗಲವಾದದ್ದು 9×2, ಮೇಲಿನ ಸಾಲು ಹಲ್ಲು. ದೊಡ್ಡದು 7×5, ತಳದಲ್ಲಿ ನಾಲಗೆಗೆ 3 ಪಿಕ್ಸೆಲ್. ದುಂಡನೆಯದು 4×3. ದೊಡ್ಡ ಬಾಯಿಯಲ್ಲಿ ಗಲ್ಲದ ಗೆರೆಯೂ 1 ಪಿಕ್ಸೆಲ್ ಕೆಳಗಿಳಿಯಬೇಕು, ಇಲ್ಲದಿದ್ದರೆ ಮುಖವಾಡಕ್ಕೆ ತೂತು ಕೊರೆದ ಹಾಗೆ ಕಾಣುತ್ತದೆ. ಹಲ್ಲಿಗೆ ಅಚ್ಚ ಬಿಳಿ ಹಾಕಬೇಡಿ. ಅಷ್ಟು ಸಣ್ಣ ಚಿತ್ರದಲ್ಲಿ ಅದು ಟಾರ್ಚ್ ಬಿಟ್ಟಂತೆ ಮಿನುಗುತ್ತದೆ. ಮೈಬಣ್ಣದ ಅತಿ ತಿಳಿಯಾದ ಛಾಯೆ ಸಾಕು. ಇನ್ನು, ಅಜ್ಜನಿಗೆ ದಪ್ಪ ಮೀಸೆ ಇದ್ದರೆ ನಿಮ್ಮ ಅದೃಷ್ಟ: ಮೇಲ್ತುಟಿ ಮುಚ್ಚಿಹೋಗುತ್ತದೆ, ಕೆಳತುಟಿ ಮತ್ತು ಗಲ್ಲದ ಮೂರು ಸ್ಥಿತಿಯಲ್ಲೇ ಕೆಲಸ ಮುಗಿಯುತ್ತದೆ. ಅಗಲ ಬಾಯಿಗೆ ಮೀಸೆಯ ತುದಿ 1 ಪಿಕ್ಸೆಲ್ ಏರಿಸಿದರಾಯಿತು.

ಈಗ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಕಣದಲ್ಲಿ ಕಾಫಿ ಒಣಗುತ್ತಿದೆ, ಮೋಡ ಕವಿಯಿತು, ಅಜ್ಜ ಕೂಗುತ್ತಾನೆ: ‘ಮಳೆ ಬಂತು, ಕಾಫಿ ಮುಚ್ಚು!’ ಸೆಕೆಂಡಿಗೆ 12 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮಿಗೆ 83 ಮಿಲಿಸೆಕೆಂಡ್. ‘ಮ’ಕ್ಕೆ ಮುಚ್ಚಿದ್ದು 1, ಅರೆತೆರೆದದ್ದು 1. ‘ಳೆ’ಗೆ ಅಗಲ 2. ‘ಬಂ’ಗೆ ಮುಚ್ಚಿದ್ದು 1, ಅರೆತೆರೆದದ್ದು 1. ‘ತು’ಗೆ ದುಂಡು 2. ಅಲ್ಪವಿರಾಮಕ್ಕೆ ಮುಚ್ಚಿದ್ದು 2. ‘ಕಾ’ಗೆ ದೊಡ್ಡದು 3. ‘ಫಿ’ಗೆ ಹಲ್ಲು-ತುಟಿ 1, ಅಗಲ 1. ‘ಮು’ಗೆ ಮುಚ್ಚಿದ್ದು 1, ದುಂಡು 1. ‘ಚ್ಚು’ಗೆ ಅಗಲ 1, ದುಂಡು 1. ಒಟ್ಟು 19 ಫ್ರೇಮ್, 1.6 ಸೆಕೆಂಡಿಗೆ ಕೂದಲೆಳೆ ಕಡಿಮೆ.

ಇದರಲ್ಲಿ ಬಹಳ ಜನ ಎಡವುವುದು ‘ಬಂ’ದ ಸೊನ್ನೆಯಲ್ಲಿ. ಸೊನ್ನೆ ಕಂಡಲ್ಲೆಲ್ಲ ಬಾಯಿ ಮುಚ್ಚುವ ಹಾಗೆ ಕೋಡ್ ಬರೆದುಬಿಡುತ್ತಾರೆ. ‘ಬಂತು’ವಿನ ಸೊನ್ನೆ ನಕಾರ, ತುಟಿ ಸೇರುವುದಿಲ್ಲ. ‘ಕಂಬ’, ‘ಸಂಪಿಗೆ’ಗಳಲ್ಲಿ ಮಕಾರ, ಸೇರುತ್ತದೆ. ಸೊನ್ನೆಯ ಮುಂದಿನ ಅಕ್ಷರ ಪವರ್ಗದ್ದಾದರೆ ಮುಚ್ಚು, ಇಲ್ಲವಾದರೆ ಅರೆತೆರೆ ಎಂಬ ನಿಯಮ ಹಾಕಿದರೆ ಸರಿಹೋಗುತ್ತದೆ. ಇನ್ನೊಂದು, ಒತ್ತಿನ ಉದ್ದ. ‘ಅಮ್ಮ’, ‘ಹಬ್ಬ’ಗಳಲ್ಲಿ ತುಟಿ 2 ಫ್ರೇಮ್ ಮುಚ್ಚಿರಬೇಕು. ಒಂದೇ ಫ್ರೇಮ್ ಕೊಟ್ಟರೆ ಕಿವಿ ‘ಅಮ್ಮ’ ಕೇಳುತ್ತದೆ, ಕಣ್ಣು ‘ಅಮ’ ನೋಡುತ್ತದೆ. ಫ್ರೇಮ್ ಸಾಲದೆ ಬಂದಾಗ ಸ್ವರವನ್ನು ಕತ್ತರಿಸಿ, ಪ-ಬ-ಮದ ಮುಚ್ಚುವಿಕೆಯನ್ನು ಎಂದೂ ಕೈಬಿಡಬೇಡಿ. ನೋಡುವವರ ಕಣ್ಣು ಪರೀಕ್ಷೆ ಮಾಡುವುದು ಅದೊಂದನ್ನೇ. ಬಾಯಿ ಧ್ವನಿಗಿಂತ ಒಂದು ಫ್ರೇಮ್ ಮುಂದಿದ್ದರೆ ಸಹಜವೆನಿಸುತ್ತದೆ, ಒಂದು ಫ್ರೇಮ್ ಹಿಂದಿದ್ದರೆ ಡಬ್ಬಿಂಗ್ ಸಿನಿಮಾ.

ಕೈಯಿಂದ ಗುರುತು ಹಾಕುವುದು ಬೇಜಾರೆನಿಸಿದರೆ ರುಬಾರ್ಬ್ ಲಿಪ್ ಸಿಂಕ್ ಎಂಬ ಉಚಿತ ತಂತ್ರಾಂಶ ಇದೆ. ವೇವ್ ಅಥವಾ ಆಗ್ ಧ್ವನಿ ಕಡತ ಕೊಟ್ಟರೆ ಯಾವ ಕ್ಷಣದಲ್ಲಿ ಯಾವ ಬಾಯಿ ಎಂದು, ಕೋಡ್ ಓದಬಲ್ಲ ಜೇಸನ್ ಕಡತದಲ್ಲಿ ಬರೆದುಕೊಡುತ್ತದೆ. ಆರು ಮೂಲ ಆಕಾರ, ಬೇಕಿದ್ದರೆ ಇನ್ನೂ ಮೂರು. ಅದರ ಡಿಫಾಲ್ಟ್ ಗುರುತಿಸುವಿಕೆ ಇಂಗ್ಲಿಷಿಗೆ ಮಾಡಿದ್ದು, ಕನ್ನಡಕ್ಕೆ, ಪದ ಬಿಟ್ಟು ಬರಿ ಉಚ್ಚಾರ ಗುರುತಿಸುವ ‘ಫೊನೆಟಿಕ್’ ಆಯ್ಕೆ ಮಾಡಿಕೊಳ್ಳಬೇಕು. ಆಮೇಲೂ ಪ-ಬ-ಮಗಳನ್ನು ಒಮ್ಮೆ ಕಣ್ಣಾಡಿಸಿ ಸರಿಪಡಿಸಿ, ಚುರುಕಾಗಿ ಮಾತಾಡಿದ ಕಡೆ ಅವು ತಪ್ಪಿಹೋಗುತ್ತವೆ.

ಕೊಡವ ತಕ್ಕಿಗೆ ಬಾಯಿ ಹೊಸದು ಬೇಡ, ಗುರುತು ಹಾಕುವ ಕ್ರಮ ಬೇರೆ. ಕನ್ನಡದ ಸ್ವರಗಳ ಜತೆಗೆ ತುಟಿ ದುಂಡಾಗದೆ ಬಾಯಿಯ ನಡುವಿನಿಂದ ಹೊರಡುವ ಸ್ವರಗಳೂ ಅದರಲ್ಲಿವೆ. ಕನ್ನಡ ಲಿಪಿಯಲ್ಲಿ ಬರೆಯುವಾಗ ಅವನ್ನು ಕೆಲವರು ಉಕಾರದಿಂದ, ಕೆಲವರು ಅರ್ಧಾಕ್ಷರದಿಂದ ಸಾಗಿಸುತ್ತಾರೆ. ಬರಹ ನೋಡಿ ಬಾಯಿ ಆರಿಸುವ ಕೋಡ್ ಅಲ್ಲಿ ದುಂಡು ಬಾಯಿ ಹಾಕಿಬಿಡುತ್ತದೆ. ವಿರಾಜಪೇಟೆಯಲ್ಲಿ ನಿಮ್ಮ ಗೇಮ್ ಆಡುವವರು ಅದನ್ನು ಕೂಡಲೇ ಹಿಡಿಯುತ್ತಾರೆ. ಆ ಸಾಲುಗಳಿಗೆ ಬರಹ ಬಿಟ್ಟು ಕಿವಿಯಿಂದ ಕೇಳಿ ಅರೆತೆರೆದ ಬಾಯಿ ಗುರುತಿಸಿ.

ಧ್ವನಿಯಿಲ್ಲದೆ ಬರಿ ಅಕ್ಷರ ಒಂದೊಂದಾಗಿ ಮೂಡುವ ಸಾಲುಗಳಲ್ಲಿ ಕನ್ನಡ ಲಿಪಿ ನಿಮ್ಮ ಪರವಾಗಿದೆ. ಒಂದು ಅಕ್ಷರ ಎಂದರೆ ಒಂದು ಉಚ್ಚಾರ, ಗುಣಿತದ ಚಿಹ್ನೆಯೇ ಬಾಯಿಯ ಆಕಾರ ಹೇಳುತ್ತದೆ. ಆದರೆ ಯೂನಿಕೋಡ್ ಸಂಕೇತಗಳನ್ನು ಒಂದೊಂದಾಗಿ ಬಿಟ್ಟರೆ ‘ಮುಚ್ಚು’ ಮೊದಲು ‘ಮ’, ಆಮೇಲೆ ‘ಮು’, ಆಮೇಲೆ ‘ಮುಚ’, ‘ಮುಚ್’ ಎಂದು ಕುಣಿಯುತ್ತದೆ. ಹಲಂತದ ಹಿಂದೆ ಮುಂದೆ ಇರುವ ವ್ಯಂಜನಗಳನ್ನು ಒಂದೇ ತುಂಡಾಗಿ ಕಟ್ಟುವ ಸಣ್ಣ ಫಂಕ್ಷನ್ ಬರೆದುಕೊಳ್ಳಿ. ಗೋಡೋ 4 ಒತ್ತಕ್ಷರವನ್ನು ಸರಿಯಾಗಿ ಜೋಡಿಸುತ್ತದೆ, ಗೋಡೋ 3 ಜೋಡಿಸುತ್ತಿರಲಿಲ್ಲ.

ಒಂದು ಎಚ್ಚರಿಕೆ. ಮೊಮ್ಮಗಳು ಕಿಟಕಿಯಾಚೆಯಿಂದ ತುಟಿ ಓದಿ ಗುಟ್ಟು ತಿಳಿಯುವ ಪಜಲ್ ಇಡುವ ಆಸೆ ಇಂಥ ಕಥೆಗಳಲ್ಲಿ ಹುಟ್ಟೇ ಹುಟ್ಟುತ್ತದೆ. ಪಣ, ಬಣ, ಮಣ ಮೂರೂ ತುಟಿಯ ಮೇಲೆ ಒಂದೇ. ತುಟಿ ಓದುವುದೆಂದರೆ ಅರ್ಧ ನೋಡಿ ಅರ್ಧ ಊಹಿಸುವುದು. ಆ ಊಹೆ ತಪ್ಪುವುದನ್ನೇ ಪಜಲ್ ಮಾಡಿದರೆ ಚೆನ್ನ.

ಮೊಮ್ಮಗಳ ಕೈ

ಭಾರತೀಯ ಸಂಜ್ಞಾ ಭಾಷೆ ಕನ್ನಡವನ್ನು ಕೈಯಲ್ಲಿ ಬರೆದದ್ದಲ್ಲ, ಅದಕ್ಕೆ ಅದರದೇ ವ್ಯಾಕರಣ. ‘ನೀನು ಎಲ್ಲಿಗೆ ಹೋಗ್ತೀಯ?’ ಎಂಬುದು ಅಲ್ಲಿ ‘ನೀನು – ಹೋಗು – ಎಲ್ಲಿ’ ಆಗುತ್ತದೆ. ಪ್ರಶ್ನೆಪದ ಕೊನೆಗೆ ಬರುತ್ತದೆ. ‘ಇಲ್ಲ’ ಎಂಬುದೂ ಕ್ರಿಯೆಯ ನಂತರ, ತಲೆಯಾಡಿಸುವುದರ ಜತೆಗೆ. ಆದ್ದರಿಂದ ಕನ್ನಡ ಸಂಭಾಷಣೆಯ ಪದಪದಕ್ಕೂ ನಿಘಂಟಿನಿಂದ ಒಂದೊಂದು ಸಂಜ್ಞೆ ಹುಡುಕಿ ಸಾಲಾಗಿ ಪೋಣಿಸಿದರೆ ಅದು ಯಾವ ಭಾಷೆಯೂ ಆಗುವುದಿಲ್ಲ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟಿನಲ್ಲಿ 2021ರ ಮೂರನೇ ಆವೃತ್ತಿಗೆ 10,000 ಪದಗಳಾದವು. ಅದನ್ನು ಅನುಮಾನ ಬಂದಾಗ ನೋಡಿಕೊಳ್ಳಲು ಇಟ್ಟುಕೊಳ್ಳಿ. ಸಾಲುಗಳನ್ನು ಕಿವುಡ ಸಮುದಾಯದವರೊಬ್ಬರೊಂದಿಗೆ ಕೂತು ಬರೆಯಿರಿ. ಸಂಭಾವನೆ ಕೊಡಿ, ಕ್ರೆಡಿಟ್ಸ್‌ನಲ್ಲಿ ಹೆಸರು ಹಾಕಿ. ಸಂಜ್ಞೆಗಳು ಸೀಮೆಯಿಂದ ಸೀಮೆಗೆ ಬದಲಾಗುವುದರಿಂದ ಮಡಿಕೇರಿ–ಮೈಸೂರು ಕಡೆಯವರೇ ಸಿಕ್ಕರೆ ಕಥೆಗೆ ಒಪ್ಪುತ್ತದೆ.

ಅವರ ವಿಡಿಯೊ ತೆಗೆಯುವಾಗ ಕ್ಯಾಮೆರಾ ಎದುರಿಗೇ ಎದೆಮಟ್ಟದಲ್ಲಿ ಇರಲಿ, ತಲೆಯ ಮೇಲೂ ಸೊಂಟದ ಕೆಳಗೂ ಒಂದು ಗೇಣು ಬಿಡಿ, ಸೆಕೆಂಡಿಗೆ 60 ಫ್ರೇಮ್ ಇಟ್ಟರೆ ಬೆರಳು ಮಸುಕಾಗುವುದು ಕಡಿಮೆ. ಒಂದು ಸಂಜ್ಞೆಯನ್ನು ಒಡೆದು ನೋಡಿದರೆ ಐದು ಸಂಗತಿ: ಕೈಯ ಆಕಾರ, ಇರುವ ಜಾಗ, ಚಲನೆ, ಅಂಗೈ ಯಾವ ಕಡೆಗೆ, ಮುಖದ ಭಾವ. ಇವುಗಳಲ್ಲಿ ಒಂದು ಬದಲಾದರೂ ಪದ ಬೇರೆಯಾಗಬಹುದು. ಹೆಬ್ಬೆರಳು ಎತ್ತಿದ ಮುಷ್ಟಿ ‘ಒಳ್ಳೆಯದು’, ಕಿರುಬೆರಳು ಎತ್ತಿದ ಮುಷ್ಟಿ ‘ಕೆಟ್ಟದ್ದು’. ನಿಮ್ಮ ಕ್ಯಾನ್ವಾಸಿನಲ್ಲಿ ಆ ಎರಡರ ನಡುವಿನ ಅಂತರ ಎಂದರೆ ಮೂರು ಪಿಕ್ಸೆಲ್ ಈ ಅಂಚಿನಲ್ಲಿದೆಯೋ ಆ ಅಂಚಿನಲ್ಲಿದೆಯೋ ಎಂಬುದಷ್ಟೇ. ಅದಕ್ಕೇ ಹೆಬ್ಬೆರಳನ್ನು 2 ಪಿಕ್ಸೆಲ್ ದಪ್ಪ, 3 ಉದ್ದ ಬರೆಯಿರಿ. ಕಿರುಬೆರಳನ್ನು 1 ದಪ್ಪ, 4 ಉದ್ದ. ದಪ್ಪದಿಂದಲೇ ಯಾವ ಬೆರಳೆಂದು ಕಣ್ಣಿಗೆ ತಿಳಿಯಬೇಕು.

ನಿಮ್ಮ ಸಾಲುಗಳಿಗೆ ಬೇಕಾದ ಕೈಯ ಆಕಾರಗಳನ್ನು ಮೊದಲು ಪಟ್ಟಿ ಮಾಡಿ. ಸಣ್ಣ ಗೇಮಿಗೆ ಇಪ್ಪತ್ತರಿಂದ ಮೂವತ್ತು ಬರಬಹುದು. ಪ್ರತಿಯೊಂದಕ್ಕೂ ಅಂಗೈ ಕಾಣುವುದು, ಹಿಂಗೈ ಕಾಣುವುದು, ಪಕ್ಕದ ನೋಟ ಬರೆದು ಒಂದು ಅಸೆಪ್ರೈಟ್ ಕಡತದಲ್ಲಿ ಇಟ್ಟುಕೊಳ್ಳಿ. ಓರೆಯಾದ ಕೈ ಬೇಕಾದಾಗ ಇವನ್ನು ಕೋಡಿನಿಂದ ತಿರುಗಿಸಬೇಡಿ. 15 ಡಿಗ್ರಿ ತಿರುಗಿಸಿದರೆ 1 ಪಿಕ್ಸೆಲ್ ಬೆರಳು ಮೆಟ್ಟಿಲಾಗಿ ಒಡೆಯುತ್ತದೆ, ಸಂದಿ ಮುಚ್ಚಿಹೋಗುತ್ತದೆ. ಅಸೆಪ್ರೈಟಿನಲ್ಲಿ ಪಿಕ್ಸೆಲ್ ಚಿತ್ರ ತಿರುಗಿಸಲೆಂದೇ ಇರುವ ರಾಟ್‌ಸ್ಪ್ರೈಟ್ ವಿಧಾನ ಸ್ವಲ್ಪ ಮೇಲು, ಆಮೇಲೂ ಕೈಯಿಂದ ತಿದ್ದಲೇಬೇಕು. ಬೆರಳಿನ ಸಂದಿಗೆ ಹಿನ್ನೆಲೆಯ ಬಣ್ಣ ಬಿಡುವ ಬದಲು ಮೈಬಣ್ಣದ ಕಡುಛಾಯೆ ತುಂಬಿ. ಕೈ ಮುಖದ ಮುಂದೆ ಬಂದಾಗ ಎರಡೂ ಒಂದೇ ಬಣ್ಣವಾಗಿ ಬೆರೆತುಹೋಗುತ್ತವೆ. ಆ ಫ್ರೇಮುಗಳಲ್ಲಿ ಕೈಗೆ ಪೂರ್ತಿ ಕಡು ಹೊರಗೆರೆ ಕೊಡಿ, ಮುಖವನ್ನು ಒಂದು ಛಾಯೆ ಕಡುವಾಗಿಸಿ.

ಇನ್ನು ಸಮಯ. ಎಲ್ಲ ಫ್ರೇಮಿಗೂ ಅಸೆಪ್ರೈಟ್ ತಾನಾಗಿ ಕೊಡುವ 100 ಮಿಲಿಸೆಕೆಂಡ್ ಬಿಟ್ಟರೆ ಸಂಜ್ಞೆ ರೋಬೋಟಿನದಾಗುತ್ತದೆ. ಕೈ ಜಾಗಕ್ಕೆ ಬಂದು ಆಕಾರ ತಾಳಿದ ಫ್ರೇಮಿಗೆ 160ರಿಂದ 200, ಚಲನೆಯ ಎರಡು ಮೂರು ಫ್ರೇಮಿಗೆ 70–80, ಕೊನೆಯ ನಿಲುಗಡೆಗೆ ಮತ್ತೆ 160, ಮುಂದಿನ ಸಂಜ್ಞೆಗೆ ಸಾಗುವ ಎರಡು ಫ್ರೇಮಿಗೆ 60–70. ವಾಕ್ಯದ ಕೊನೆಯ ಸಂಜ್ಞೆ 300ರವರೆಗೆ ನಿಲ್ಲಲಿ. ಇವು ಬರೆಯಲು ಶುರುಮಾಡಲಿಕ್ಕೆ ಅಷ್ಟೇ, ಕೊನೆಯ ಮಾತು ವಿಡಿಯೊದ್ದು. ಸಾಗುವ ಫ್ರೇಮುಗಳಲ್ಲಿ ಕೈಯನ್ನು ಸಡಿಲವಾಗಿ, ಬೆರಳು ಅರೆಮಡಚಿದಂತೆ ಬರೆದರೆ ಅದು ಪದವಲ್ಲ, ದಾರಿ ಎಂದು ನೋಡುವವರಿಗೆ ತಿಳಿಯುತ್ತದೆ. ಕತ್ತಿ ಬೀಸುವ ದೃಶ್ಯಗಳಲ್ಲಿ ಹಾಕುವ ಎಳೆದ ಮಸುಕು ಇಲ್ಲಿ ಬೇಡ, ಬೆರಳಿನ ಆಕಾರವನ್ನೇ ಅದು ಅಳಿಸಿಹಾಕುತ್ತದೆ. ಅಕ್ಷರ ಕಾಗುಣಿತಕ್ಕೆ, ಅಂದರೆ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಾಗಿ ಬೆರಳಿನಲ್ಲಿ ಹೇಳುವುದಕ್ಕೆ, ಬಹುಪಾಲು ಎರಡೂ ಕೈ ಬೇಕು. ಅಕ್ಷರಕ್ಕೆ 200 ಮಿಲಿಸೆಕೆಂಡಿಗಿಂತ ಕಡಿಮೆ ಮಾಡಿದರೆ ಈ ಗಾತ್ರದಲ್ಲಿ ಯಾರಿಗೂ ಓದಲಾಗದು.

ಸಂಜ್ಞೆಗಳನ್ನು ಬೇರೆ ಬೇರೆ ಟ್ಯಾಗ್ ಮಾಡಿ ಮರುಬಳಸಬಹುದು. ನಡುವಿನ ದಾರಿಯನ್ನು ಮಾತ್ರ ಪ್ರತಿ ಜೋಡಿಗೂ ಹೊಸದಾಗಿ ಬರೆಯಬೇಕು. ಪ್ರತಿ ಸಂಜ್ಞೆಯ ಬಳಿಕ ಕೈಗಳು ಸೊಂಟಕ್ಕೆ ಇಳಿದು ಮತ್ತೆ ಏಳುವ ಹಾಗೆ ಮಾಡಿದರೆ ಪದಪದಕ್ಕೂ ಪೂರ್ಣವಿರಾಮ ಹಾಕಿದಂತೆ. ಐದು ಸಂಜ್ಞೆಯ ಒಂದು ವಾಕ್ಯಕ್ಕೆ 30 ಚಿತ್ರ ಹಿಡಿಯಿರಿ, 20 ವಾಕ್ಯಕ್ಕೆ 600. ಚಿತ್ರಗಳನ್ನೆಲ್ಲ ಜೋಡಿಸಿಡುವ 2048×2048 ಪಿಕ್ಸೆಲ್ಲಿನ ಒಂದು ಹಾಳೆಯಲ್ಲಿ 96×80ರ ಚಿತ್ರ ಅಡ್ಡಕ್ಕೆ 21, ಕೆಳಕ್ಕೆ 25, ಒಟ್ಟು 525 ಕೂರುತ್ತವೆ. ಎರಡು ಹಾಳೆ ಬೇಕಾದೀತು. ಮೂವರಿಗೆ ಇದು ಹೊರೆಯೇ. ಹಾಗಾಗಿ ಲೂಪ್ ಹಾಕಿ ತಪ್ಪಿಸಿಕೊಳ್ಳುವ ಬದಲು ಅವಳ ಮಾತು ಕಡಿಮೆ ಮಾಡಿ. ಹೇಳಿದ ಹತ್ತೇ ವಾಕ್ಯ ನಿಜವಾಗಿದ್ದರೆ ಸಾಕು.

ಮುಖವನ್ನು ಬೇರೆ ಲೇಯರಿನಲ್ಲಿ, ಬೇರೆ ಟ್ರ್ಯಾಕಿನಲ್ಲಿ ಇಡಿ. ಹೌದೋ ಅಲ್ಲವೋ ಎಂದು ಕೇಳುವಾಗ ಹುಬ್ಬು ಏರುತ್ತದೆ, ತಲೆ ಮುಂದೆ ಬಾಗುತ್ತದೆ, ಅದು ಒಂದು ಸಂಜ್ಞೆಗೆ ಮುಗಿಯದೆ ಇಡೀ ಪ್ರಶ್ನೆಯುದ್ದಕ್ಕೂ ನಿಲ್ಲುತ್ತದೆ. ಹುಬ್ಬು 1 ಪಿಕ್ಸೆಲ್ ಏರಿದ್ದು ಕಾಣಬೇಕಾದರೆ ಕಣ್ಣಿಗೂ ಹುಬ್ಬಿಗೂ ನಡುವೆ ಕನಿಷ್ಠ 1, ಹುಬ್ಬಿನ ಮೇಲೆ 2 ಪಿಕ್ಸೆಲ್ ಹಣೆ ಇರಬೇಕು. ತೋಟದಲ್ಲಿ ತಲೆಗೆ ಬಟ್ಟೆ ಕಟ್ಟಿಸುವುದಾದರೆ ಹಣೆ ಮುಚ್ಚದ ಹಾಗೆ ಹಿಂದಕ್ಕೆ ಕಟ್ಟಿಸಿ. ಅವಳ ನೋಟ ತನ್ನ ಕೈಯ ಮೇಲಿರುವುದಿಲ್ಲ, ಎದುರಿಗಿರುವವರ ಮೇಲಿರುತ್ತದೆ. ಅಜ್ಜನ ಆರು ಬಾಯಿಗಳನ್ನು ಅವಳಿಗೆ ಅಂಟಿಸಬೇಡಿ. ಸಂಜ್ಞೆಯ ಜತೆ ಬಾಯಿ ಆಡುವುದುಂಟು, ಆದರೆ ಅದು ಕನ್ನಡ ವಾಕ್ಯ ಉಚ್ಚರಿಸುವುದಲ್ಲ. ವಿಡಿಯೊದಲ್ಲಿ ಕಂಡಷ್ಟೇ ಬರೆಯಿರಿ.

ಎಲ್ಲ ಸರಿಯಾಗಿ ಬರೆದ ಮೇಲೂ ಗೇಮಿನೊಳಗೆ ಹೋದಾಗ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಎಡಕ್ಕೆ ತಿರುಗಿದಾಗ ಚಿತ್ರವನ್ನು ಕನ್ನಡಿಯಂತೆ ಮಗುಚುವುದು. ಬಲಗೈಯವಳು ಎಡಗೈಯವಳಾಗುವುದು ಹಾಗಿರಲಿ. ಬಲಗಡೆ ಗಾಳಿಯಲ್ಲಿ ಅಜ್ಜನನ್ನು, ಎಡಗಡೆ ನಾಯಿಯನ್ನು ಗುರುತಿಟ್ಟು ಮಾತಾಡುತ್ತಿದ್ದವಳು ಮಗುಚಿದ ತಕ್ಷಣ ಅಜ್ಜನನ್ನು ನಾಯಿ ಮಾಡಿಬಿಡುತ್ತಾಳೆ. ಸಂಜ್ಞೆಯ ಚಿತ್ರ ಯಾವಾಗಲೂ ಆಟಗಾರರ ಎದುರಿಗೇ ಇರಲಿ, ಮಗುಚುವ ಆಯ್ಕೆಯನ್ನು ಅಲ್ಲಿ ಬಂದ್ ಮಾಡಿ. ಎರಡು, ನಿಂತ ಪಾತ್ರಕ್ಕೆ ಹಾಕಿರುವ ಉಸಿರಾಟದ ಏರಿಳಿತ. ಆ 1 ಪಿಕ್ಸೆಲ್ ಕೈಗೂ ತಗುಲಿ ಎಲ್ಲ ಸಂಜ್ಞೆಯೂ ನಡುಗುತ್ತದೆ. ಮಾತಿನ ಹೊತ್ತಿಗೆ ಅದನ್ನು ನಿಲ್ಲಿಸಿ.

ಕೊಡಗಿನ ಕಥೆಯಾದ್ದರಿಂದ ಮಳೆ ಇದ್ದೇ ಇರುತ್ತದೆ. ಮಳೆಯ 1 ಪಿಕ್ಸೆಲ್ ಗೆರೆಗಳು ಬೆರಳಷ್ಟೇ ದಪ್ಪ, ಕೈಯ ಮುಂದೆ ಹಾದರೆ ಬೆರಳು ಎಣಿಸಲಾಗದು. ಮಳೆಯ ಲೇಯರ್, ಮಂಜಿನ ಲೇಯರ್ ಎರಡೂ ಅವಳ ಹಿಂದೆ ಇರಲಿ. ಅವಳ ಒಂದು ಕೈಯಲ್ಲಿ ಛತ್ರಿ ಇದ್ದರೆ? ಅದೇನೂ ತಡೆಯಲ್ಲ. ಎರಡೂ ಕೈ ಒಂದೇ ಆಕಾರದಲ್ಲಿ ಒಂದೇ ರೀತಿ ಆಡುವ ಸಂಜ್ಞೆಗಳನ್ನು ಒಂದೇ ಕೈಯಲ್ಲಿ ಮಾಡುವುದು ನಿಜಜೀವನದಲ್ಲೂ ಇದೆ. ಒಂದು ಕೈ ತಳವಾಗಿ ನಿಂತು ಇನ್ನೊಂದು ಅದರ ಮೇಲೆ ಆಡುವ ಸಂಜ್ಞೆಗಳಲ್ಲಿ ಮಾತ್ರ ಹಾಗೆ ಸುಲಭವಾಗಿ ಬಿಡಲಾಗದು. ಅಲ್ಲಿ ಛತ್ರಿಯನ್ನು ಕತ್ತು–ಭುಜದ ನಡುವೆ ಸಿಕ್ಕಿಸುವ 3 ಫ್ರೇಮ್ ಬರೆದರೆ ಪಾತ್ರಕ್ಕೆ ಜೀವ ಬರುತ್ತದೆ.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ದೃಶ್ಯದಲ್ಲಿ ಕುಪ್ಯ (ಕೊಡವರ ಉದ್ದನೆಯ ನಿಲುವಂಗಿ) ತೊಟ್ಟ ಮಾವನೂ ಅವಳೊಡನೆ ಸಂಜ್ಞೆಯಲ್ಲಿ ಮಾತಾಡುವುದಾದರೆ, ಕಪ್ಪು ಕುಪ್ಯದ ಮುಂದೆ ಕೈ ಎದ್ದು ಕಾಣುತ್ತದೆ, ಅದಕ್ಕಿಂತ ಒಳ್ಳೆಯ ಹಿನ್ನೆಲೆ ಸಿಗದು. ತೊಂದರೆ ಸೊಂಟಕ್ಕೆ ಸುತ್ತುವ ಪಟ್ಟಿ, ಚೇಲೆಯದು. ಕೆಂಪು ರೇಷ್ಮೆ, ಜರಿಯ ಮಿನುಗು, ಅದರ ಮೇಲೆ ಪೀಚೆಕತ್ತಿಯ ಬೆಳ್ಳಿ. ಕಂದು ಕೈ ಅಲ್ಲಿಗೆ ಇಳಿದರೆ ಮಾಯ. ಚೇಲೆಯ ಕೆಂಪನ್ನು ಎರಡು ಛಾಯೆ ಕಡುವಾಗಿಸಿ, ಜರಿಯ ಮಿನುಗನ್ನು ಮಾತಿನ ಹೊತ್ತಿಗೆ ನಿಲ್ಲಿಸಿ. ಮೊಮ್ಮಗಳ ಅಂಗಿ ಹೂವಿಲ್ಲದ ಒಂದೇ ಬಣ್ಣದ್ದಾಗಿರಲಿ.

ಗೋಡೋದಲ್ಲಿ, ಪಿಕ್ಸೆಲ್ಲಿನ ಅಂಚು ಮಸುಕಾಗದಂತೆ, ಟೆಕ್ಸ್ಚರ್ ಫಿಲ್ಟರ್ ‘ನಿಯರೆಸ್ಟ್’, ಹಿಗ್ಗಿಸುವುದು ಪೂರ್ಣಾಂಕದಲ್ಲಿ ಮಾತ್ರ: 320×180 ನಾಲ್ಕು ಪಟ್ಟಾದರೆ 1280×720, ಆರು ಪಟ್ಟಾದರೆ 1920×1080. ನಾಲ್ಕೂವರೆ ಪಟ್ಟು ಮಾಡಿದರೆ ಒಂದು ಬೆರಳು ದಪ್ಪ, ಪಕ್ಕದ್ದು ಸಪೂರ. ಅಜ್ಜನ ಬಾಯಿಗೆ ಗಡಿಯಾರ ಧ್ವನಿಯದೇ ಆಗಿರಲಿ; ಪ್ಲೇಬ್ಯಾಕ್ ಸ್ಥಾನಕ್ಕೆ ಕೊನೆಯ ಮಿಕ್ಸ್ (ಗೋಡೋ ಧ್ವನಿಯ ತುಂಡನ್ನು ಬೆರೆಸಿ ಕಳಿಸಿದ್ದು) ಆದ ಮೇಲಿನ ಸಮಯ ಕೂಡಿಸಿ, ಔಟ್‌ಪುಟ್ ವಿಳಂಬ ಕಳೆದು ನೋಡಿ. ಫ್ರೇಮ್ ಎಣಿಸುತ್ತ ಹೋದರೆ ಉದ್ದದ ಸಾಲುಗಳಲ್ಲಿ ಬಾಯಿ ಜಾರುತ್ತದೆ. ಮೊಮ್ಮಗಳ ಸಾಲಿಗೆ ಕನ್ನಡ ಪಠ್ಯ ಬೇಕೇ ಬೇಕು, ಆದರೆ ಕೈಯನ್ನೂ ಅಕ್ಷರವನ್ನೂ ಕಣ್ಣು ಒಟ್ಟಿಗೆ ಓದಲಾರದು. ಮೊದಲು ಸಂಜ್ಞೆ ಮುಗಿಯಲಿ, ಆಮೇಲೆ ಪಠ್ಯ ಮೂಡಿ ಬಟನ್ ಒತ್ತುವವರೆಗೆ ನಿಲ್ಲಲಿ, ‘ಮತ್ತೊಮ್ಮೆ ತೋರಿಸು’ ಎಂಬ ಬಟನ್ ಪಕ್ಕದಲ್ಲಿರಲಿ. ಸಂಭಾಷಣೆಯ ಪೆಟ್ಟಿಗೆ ಅವಳ ಸೊಂಟದಿಂದ ಮೇಲಕ್ಕೆ ಬರಬಾರದು.

ಪರೀಕ್ಷೆಗೆ ವಿಡಿಯೊದಲ್ಲಿ ಇದ್ದವರನ್ನು ಕರೆಯಬೇಡಿ, ಅವರಿಗೆ ಸಾಲುಗಳು ಬಾಯಿಪಾಠ. ಸಂಜ್ಞಾ ಭಾಷೆ ಬಲ್ಲ ಬೇರೊಬ್ಬರಿಗೆ ಪಠ್ಯ ಮುಚ್ಚಿ, ಫೋನಿನ ಪರದೆಯಲ್ಲಿ, ಒಂದೊಂದು ವಾಕ್ಯ ಒಂದೇ ಸಲ ತೋರಿಸಿ; ಏನು ಹೇಳಿದಳೆಂದು ಅವರು ಹೇಳಿದ್ದನ್ನು ಬರೆದುಕೊಳ್ಳಿ. ಅವರು ತಡವರಿಸಿದ ಸಂಜ್ಞೆಯಲ್ಲಿ ಮೊದಲು ನಿಲುಗಡೆಯ ಫ್ರೇಮಿಗೆ 40 ಮಿಲಿಸೆಕೆಂಡ್ ಕೂಡಿಸಿ ನೋಡಿ. ಅದರಿಂದ ಸರಿಹೋಗದಿದ್ದರೆ ಮಾತ್ರ ಬೆರಳು ತಿದ್ದಲು ಕೂರಿ.